ಬ್ರಾಡ್ ಗೇಜಿನ ಮೈ, ನ್ಯಾರೋ ಗೇಜಿನ ಕಾಲು

ರೈಲಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಂಬದೆ ಏನು ಮಾಡಲಿ? ಮನೆ ಡೊಂಬಿವಲಿಯಲ್ಲಿ, ಕೆಲಸ ಠಾಣೆ ಊರಿನ ನೌಪಾಡಾ ಬಡಾವಣೆಯ ಹೋಟೆಲೊಂದರ ಗಲ್ಲೆಯಲ್ಲಿ. ದಿನಾ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಒಂದು ಕಾಲಿನ ಮೇಲೆ ನಿಂತು ಹೋಗಿ, ರಾತ್ರಿ ಇನ್ನೊಂದು ಕಾಲಿನ ಮೇಲೆ ನಿಂತು ಬರುವವನು. ಇಷ್ಟು ವರ್ಷ ರೈಲಿನ ಹೊಟ್ಟೆಯೊಳಗೆ ಇದ್ದವನಿಗೆ ರೈಲು ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ಈ ತರ್ಕದಲ್ಲಿ ಒಂದು ಸಣ್ಣ ದೋಷವಿತ್ತು. ಇಡ್ಲಿ ತಿಂದವರಿಗೆಲ್ಲ ಇಡ್ಲಿ ಮಾಡಲು ಬರುವುದಿಲ್ಲ. ಹೋಟೆಲಿನವನಾದ ನನಗಾದರೂ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಪ್ರತಿ ವರ್ಷ ಗಣಪತಿ ಕೂರಿಸುತ್ತಾರೆ. ಈ ಕಡೆ ಗಣಪತಿ ಎಂದರೆ ಬರೀ ಗಣಪತಿಯಲ್ಲ. ಅವನ ಸುತ್ತ ಒಂದು 'ದೇಖಾವಾ' ಬೇಕು, ಅಂದರೆ ನೋಡಿದವರು ಬಾಯಿ ಬಿಡುವಂಥ ಒಂದು ದೃಶ್ಯ. ಹಿಂದಿನ ವರ್ಷ ಪಕ್ಕದ ಸೊಸೈಟಿಯವರು ನಿಜವಾದ ನೀರು ಬೀಳುವ ಜಲಪಾತ ಮಾಡಿದ್ದರು. ಆ ನೀರು ಲಿಫ್ಟಿನ ಗುಂಡಿಗೆ ಇಳಿದು ಅವರೆಲ್ಲ ಮೆಟ್ಟಿಲು ಹತ್ತುವಂತಾದರೂ ಜನ ಸಾಲುಗಟ್ಟಿ ಬಂದು ನೋಡಿದರು. ನಮ್ಮ ಮಂಟಪದಲ್ಲಿ ಮಿಣುಕುವ ಬಲ್ಬಿನ ಸರ ಮಾತ್ರ ಇತ್ತು. ಅದರಲ್ಲೂ ಅರ್ಧ ಮಿಣುಕುತ್ತಿರಲಿಲ್ಲ. ಈ ಕಳಂಕವನ್ನು ತೊಳೆಯುವ ಸಲುವಾಗಿ ಈ ಸಲ ವಿಶೇಷ ಸಭೆ ಕರೆಯಲಾಯಿತು.

ಸಭೆಯ ಅಧ್ಯಕ್ಷರು ಕುಲಕರ್ಣಿ ಕಾಕಾ. ನಮ್ಮ ಮನೆಯ ಸರಿಯಾಗಿ ಕೆಳಗಿನ ಮನೆಯವರು, ರೈಲ್ವೆಯಿಂದ ನಿವೃತ್ತರಾದವರು. ಮೂಲ ಸೋಲಾಪುರವಾದ್ದರಿಂದ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ.

"ಈ ವರ್ಷ ಮಾಥೇರಾನ್ ಗಿರಿಧಾಮ ಮಾಡೋಣ" ಎಂದು ಕಾಕಾ ಮರಾಠಿಯಲ್ಲಿ ಘೋಷಿಸಿದರು. "ಬೆಟ್ಟ, ಕಾಡು, ಮಂಗಗಳು, ಗಣಪತಿಯ ಸುತ್ತ ತಿರುಗುವ ಪುಟ್ಟ ರೈಲು. ಬೆಟ್ಟವನ್ನು ರಟ್ಟಿನಲ್ಲಿ ಮಾಡಬಹುದು. ಮಂಗಗಳಿಗೆ ನಮ್ಮ ಮಕ್ಕಳಿದ್ದಾರೆ. ರೈಲಿಗೆ ಏನು ಮಾಡುವುದು?"

ಎಲ್ಲರೂ ಪಕ್ಕದವರ ಮುಖ ನೋಡಿದರು. ಅಷ್ಟರಲ್ಲಿ ಒಂದು ಕೈ ಮೇಲೆದ್ದಿತು. ಯಾರದೆಂದು ನೋಡಿದರೆ, ನನ್ನದೇ!

"ರೈಲು ನಮ್ಮ ಮನೆಯಲ್ಲಿ ಉಂಟು" ಎಂದೆ.

ಚಪ್ಪಾಳೆ ಬಿತ್ತು. ಚಪ್ಪಾಳೆ ಬಹಳ ಅಪಾಯಕಾರಿ ವಸ್ತು. ಹೋಟೆಲಿನಲ್ಲಿ ಇಷ್ಟು ವರ್ಷ ಕೂತರೂ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. "ಅಣ್ಣಾ, ಚಟ್ನಿ" ಎಂದು ಕೂಗಿದ್ದಾರೆ, "ಅಣ್ಣಾ, ಫ್ಯಾನ್ ಹಾಕಿ" ಎಂದು ಕೂಗಿದ್ದಾರೆ, ಅಷ್ಟೇ. ಆ ಚಪ್ಪಾಳೆಯ ಗುಂಗಿನಲ್ಲಿ ಒಂದು ಮುಖ್ಯ ಸಂಗತಿಯನ್ನು ನಾನು ಮರೆತಿದ್ದೆ. ರೈಲು ನಮ್ಮ ಮನೆಯಲ್ಲಿ ಇತ್ತು, ನಿಜ. ಆದರೆ ನನ್ನದಾಗಿರಲಿಲ್ಲ.

ಅದು ನನ್ನ ಹೆಂಡತಿ ಪ್ರಮೀಳೆಯದು. ಅವಳ ಅಣ್ಣ ವಸಂತ, ಅಂದರೆ ನನ್ನ ಭಾವ, ಹಡಗಿನಲ್ಲಿ ಎಲೆಕ್ಟ್ರಿಶಿಯನ್ ಆಗಿ ಸೇರಿ ಮೊದಲ ಸಲ ಮನೆಗೆ ಮರಳುವಾಗ ಪುಟ್ಟ ತಂಗಿಗೆಂದು ತಂದ ವಿದೇಶಿ ರೈಲು. ಹಸಿರು ಇಂಜಿನ್, ಮೂರು ಹಸಿರು ಬೋಗಿ, ಬೋಗಿಯ ಮೈಮೇಲೆ ಚಿನ್ನದ ಬಣ್ಣದಲ್ಲಿ ಯಾರಿಗೂ ಓದಲು ಬಾರದ ಯಾವುದೋ ಭಾಷೆಯ ಅಕ್ಷರ. ಆಗ ಅವರು ಇದ್ದದ್ದು ಠಾಣೆಯ ಪಕ್ಕದ ಕಳವಾ ಎಂಬ ಊರಿನ ಒಂದೇ ಕೋಣೆಯ ಮನೆಯಲ್ಲಿ. ಹಳಿಯನ್ನು ಪೂರ್ತಿ ಜೋಡಿಸಿದರೆ ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಹಾಗಾಗಿ ಪ್ರಮೀಳೆ ಮಂಚದ ಅಡಿಯಲ್ಲಿ ಹಳಿ ಹಾಕಿ, ಹೊಟ್ಟೆಯ ಮೇಲೆ ಮಲಗಿ ರೈಲು ಓಡಿಸುತ್ತಿದ್ದಳಂತೆ. ಬಾಲ್ಯದಲ್ಲಿ ಅವಳಿಗೆ ತನ್ನದು ಎಂದು ಇದ್ದದ್ದು ಅದೊಂದೇ. ಮದುವೆಯಾಗಿ ಬರುವಾಗ ತವರಿನ ಪಾತ್ರೆಪಗಡೆಯನ್ನು ಟೆಂಪೋದ ಹಿಂದೆ ಹಾಕಿ, ರೈಲನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡು ಬಂದಳು. ನನ್ನನ್ನು ಅವಳು ಒಂದು ದಿನವೂ ಅಷ್ಟು ಜೋಪಾನ ಮಾಡಿದವಳಲ್ಲ.

"ಯಾರನ್ನು ಕೇಳಿ ಹೇಳಿದ್ದು ನೀವು?" ಎಂದಳು, ವಿಷಯ ತಿಳಿದ ಕೂಡಲೇ.

"ಗಣಪತಿಯ ಕೆಲಸ ಅಲ್ವಾ ಪ್ರಮೀಳಾ? ದೇವರು ಕೇಳಿದ್ರೆ ಇಲ್ಲ ಅನ್ಲಿಕ್ಕೆ ಆಗ್ತದಾ?"

"ದೇವರು ಎಲ್ಲಿ ಕೇಳಿದ್ದು? ಕೈ ಎತ್ತಿದ್ದು ನೀವು."

ಕಾಲೇಜಿಗೆ ಹೋಗುವ ಮಗಳು ಇಶಾ ಮೊಬೈಲಿನಿಂದ ತಲೆ ಎತ್ತದೆ, "ಪಪ್ಪಾ, ಪ್ಲೀಸ್, ಮತ್ ಕರೋ" ಎಂದಳು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಬುದ್ಧಿ ಹೇಳುವುದು ಮಾತ್ರ ಹಿಂದಿಯಲ್ಲಿ.

ಕೊನೆಗೆ ಪ್ರಮೀಳೆ ಒಪ್ಪಿದಳು. ಒಪ್ಪುವಾಗ ಅವಳ ಮುಖ ನೋಡಿ ನನಗೇ ಒಂದು ಕ್ಷಣ ಭಯವಾಯಿತು. "ಚೌತಿಗೆ ಅಣ್ಣ ಸಾನಪಾಡಾದಿಂದ ಬರ್ತಾನೆ. ಅವನ ಕಣ್ಣೆದುರಿಗೆ ಅದು ಓಡಬೇಕು. ಮತ್ತೆ ಹೇಗೆ ಕೊಟ್ಟಿದ್ದೇನೋ ಹಾಗೇ ನನಗೆ ವಾಪಸು ಬರಬೇಕು. ಆಯ್ತಾ?"

"ಅದಕ್ಕೆಂತ! ಬರೀ ಓಡಿಸುದು ಅಲ್ವಾ?" ಎಂದೆ.

ಬರೀ ಓಡಿಸುವುದೇ ಆಗಿತ್ತು, ಕುಲಕರ್ಣಿ ಕಾಕಾ ರೈಲನ್ನು ನೋಡಲು ಬರುವವರೆಗೆ. ಕಾಕಾ ಕನ್ನಡಕವನ್ನು ಹಣೆಗೆ ಏರಿಸಿ, ಬೋಗಿಯನ್ನು ಅಂಗಾತ ಮಲಗಿಸಿ, ವೈದ್ಯರ ಹಾಗೆ ಚಕ್ರಗಳನ್ನು ಮುಟ್ಟಿ ನೋಡಿದರು.

"ಅಣ್ಣಾ, ಇದು ಬ್ರಾಡ್ ಗೇಜ್ ಅದಲ್ರೀ!"

"ಆದರೆ ಏನಾಯ್ತು ಕಾಕಾ? ರೈಲು ರೈಲೇ ಅಲ್ವಾ?"

ಕಾಕಾ ನನ್ನನ್ನು ನೋಡಿದ ಹಾಗೆ ಯಾವ ಟಿಕೆಟ್ ಚೆಕ್ಕರನೂ ಯಾರನ್ನೂ ನೋಡಿರಲಿಕ್ಕಿಲ್ಲ. "ಮಾಥೇರಾನ್ ಹಳಿ ಅಗಲ ಎರಡು ಅಡಿ ಅದ. ನ್ಯಾರೋ ಗೇಜ್! ಬೆಟ್ಟದ ಮ್ಯಾಲೆ ಬ್ರಾಡ್ ಗೇಜ್ ಓಡಿಸಿದ್ರ ಮಂದಿ ನಗ್ತಾರ್ರೀ. ನಾ ಇಡೀ ಸರ್ವೀಸು ರೇಲ್ವೆದಾಗ ಕಳದೀನಿ. ನನ್ನ ಮಾನ ಏನಾಗಬೇಕು?"

ಅವರು ಇಡೀ ಸರ್ವೀಸು ಕಳೆದದ್ದು ಪಾರ್ಸೆಲ್ ಆಫೀಸಿನಲ್ಲಿ ಎಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆ ಹೊತ್ತಿಗೆ ಅವರ ಮಾತು ವೇದವಾಕ್ಯವಾಗಿ ಕೇಳಿತು. ಅವರೇ ದಾರಿಯನ್ನೂ ತೋರಿಸಿದರು. ಆಟದ ರೈಲಿನಲ್ಲಿ ಇನ್ನೂ ಚಿಕ್ಕ ಅಳತೆಯದು ಸಿಗುತ್ತದಂತೆ. ಅಂಥದೊಂದನ್ನು ತಂದು, ಅದರ ಚಕ್ರದ ಚೌಕಟ್ಟಿನ ಮೇಲೆ ನಮ್ಮ ರೈಲಿನ ಮೈಯನ್ನು ಕೂರಿಸಿದರೆ ಆಯಿತು. ಮೈ ದೊಡ್ಡದು, ಹಳಿ ಸಣ್ಣದು, ಅದೇ ನ್ಯಾರೋ ಗೇಜ್! ಈ ಹವ್ಯಾಸ ಇರುವವರು ಎಲ್ಲ ದೇಶದಲ್ಲೂ ಹೀಗೇ ಮಾಡುತ್ತಾರೆ ಎಂದು ಮೊಬೈಲಿನಲ್ಲಿ ವೀಡಿಯೊ ತೋರಿಸಿದರು. ವೀಡಿಯೊದಲ್ಲಿ ಒಬ್ಬ ಬಿಳಿ ಗಡ್ಡದವನು ಚಹಾ ಹೀರುತ್ತ ಆ ಕೆಲಸವನ್ನು ಮುಗಿಸಿಬಿಟ್ಟ. ಚಹಾ ನನಗೂ ಕುಡಿಯಲು ಬರುತ್ತದೆ ಎಂದುಕೊಂಡೆ.

ರಜೆಯ ದಿನ ಕಲ್ಯಾಣಕ್ಕೆ ಹೋದೆ. ಸ್ಟೇಷನ್ನಿನ ಹೊರಗಿನ ಸಂದಿಯೊಂದರಲ್ಲಿ ಹಳೆಯ ಆಟಿಕೆ ಮಾರುವ ಅಂಗಡಿಯಿದೆ. ಅಲ್ಲಿ ನನ್ನ ಅದೃಷ್ಟಕ್ಕೆ ಒಂದು ಪುಟ್ಟ ರೈಲು ಸಿಕ್ಕಿತು. ಅದೃಷ್ಟ ಎಂದು ಆಗ ಭಾವಿಸಿದ್ದೆ. ಇಂಜಿನ್ ನನ್ನ ಹೆಬ್ಬೆರಳಿನಷ್ಟಿತ್ತು, ಹಳಿಗಳ ನಡುವಿನ ಅಗಲ ಕಿರುಬೆರಳಿನ ಉಗುರಿನಷ್ಟು. ಅದನ್ನು ಶರ್ಟಿನ ಜೇಬಿನಲ್ಲಿ ಹಾಕಿಕೊಂಡು ಡೊಂಬಿವಲಿಗೆ ಬಂದೆ. ರೈಲಿನೊಳಗೆ ನಾನು, ನನ್ನೊಳಗೆ ರೈಲು ಎಂದು ಸ್ವಲ್ಪ ವೇದಾಂತವೂ ಹೊಳೆಯಿತು.

ಮೈ ಬಿಚ್ಚಿ ಮೈ ಕೂರಿಸುವ ಶಸ್ತ್ರಚಿಕಿತ್ಸೆ ನಿರೀಕ್ಷೆಗಿಂತ ಚೆನ್ನಾಗಿಯೇ ಆಯಿತು. ಹಳೆಯ ಚಕ್ರಗಳನ್ನು ಬಿಚ್ಚಿ ಒಂದು ಡಬ್ಬಿಯಲ್ಲಿ ತೆಗೆದಿಟ್ಟೆ. ಐಸ್‌ಕ್ರೀಮಿನ ಕಡ್ಡಿಗಳನ್ನು ಅಡ್ಡ ಅಂಟಿಸಿ ಹೊಸ ಚಕ್ರಗಳ ಮೇಲೆ ಬೋಗಿಗಳನ್ನು ಕೂರಿಸಿದೆ. ನೋಡಲು ಮಗುವಿನ ಚಪ್ಪಲಿ ಮೆಟ್ಟಿಕೊಂಡ ಪೈಲ್ವಾನನ ಹಾಗಿತ್ತು. ಆದರೆ ಓಡಿತು! ನೇರ ಹಳಿಯಲ್ಲಿ ಠೀವಿಯಿಂದ ಓಡಿ, ತಿರುವು ಬಂದ ಕೂಡಲೇ ಮೂರೂ ಬೋಗಿಗಳು ಒಟ್ಟಿಗೆ ಮಗ್ಗುಲಾಗಿ ಮಲಗಿಬಿಟ್ಟವು.

"ಎಂತ, ಅವಕ್ಕೆ ಸುಸ್ತಾಯ್ತಾ?" ಎಂದಳು ಪ್ರಮೀಳೆ.

"ಸಣ್ಣ ಬ್ಯಾಲೆನ್ಸಿನ ವಿಷಯ. ನೀನು ಒಳಗೆ ಹೋಗು."

ಅವಳು ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತು ಡಬ್ಬಿಯಲ್ಲಿದ್ದ ಹಳೆಯ ಚಕ್ರಗಳನ್ನು ನೋಡುತ್ತಿದ್ದಳು. "ಅವನ್ನು ಬಿಸಾಡಿದ್ರೆ ನೋಡಿ" ಎಂದಷ್ಟೇ ಹೇಳಿ ಡಬ್ಬಿಯನ್ನು ತೆಗೆದುಕೊಂಡು ಹೋದಳು.

ಬ್ಯಾಲೆನ್ಸಿಗಿಂತ ಮೊದಲು ಬಣ್ಣ ಮುಗಿಸೋಣ ಎಂದು ಕಾಕಾ ಅಪ್ಪಣೆ ಕೊಟ್ಟರು. ಬೆಟ್ಟದ ರೈಲು ಕೆಂಪಗಿದ್ದರೇ ಚೆಂದ, ಕಾಡಿನ ಹಸಿರಿನಲ್ಲಿ ಹಸಿರು ರೈಲು ಕಾಣುವುದಾದರೂ ಹೇಗೆ ಎಂಬುದು ಅವರ ವಾದ. ಪ್ರಮೀಳೆಗೆ ನಾನು ಹೇಳಿದ್ದು, "ಬರೀ ನೀರಿನ ಬಣ್ಣ ಮಾರಾಯ್ತಿ, ಆಮೇಲೆ ತೊಳೆದ್ರೆ ಹೋಗ್ತದೆ." ಹೇಳುವಾಗ ನಿಜವೇ ಆಗಿತ್ತು. ಆದರೆ ನೀರಿನ ಬಣ್ಣ ಪ್ಲಾಸ್ಟಿಕ್ಕಿನ ಮೇಲೆ ನಿಲ್ಲಲಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿತು. ಹಳೆಯ ಚಿನ್ನದ ಅಕ್ಷರಗಳು ಬೇರೆ ಅಡ್ಡ ಬರುತ್ತಿದ್ದವು. ಮೊದಲು ಅವನ್ನು ತೆಗೆಯಬೇಕು. ಬಣ್ಣ ತೆಗೆಯುವ ವಸ್ತು ಮನೆಯಲ್ಲಿ ಏನಿದೆ ಎಂದು ಯೋಚಿಸಿದೆ. ಇಶಾಳ ಕಪಾಟಿನಲ್ಲಿ ಉಗುರಿನ ಬಣ್ಣ ಒರೆಸುವ ದ್ರಾವಣದ ಬಾಟಲಿ ಇತ್ತು. ಉಗುರಿನ ಬಣ್ಣ ತೆಗೆಯುವುದು ಬೋಗಿಯ ಬಣ್ಣ ತೆಗೆಯುವುದಿಲ್ಲವೇ?

ತೆಗೆಯಿತು. ಅಕ್ಷರ ತೆಗೆಯಿತು, ಹಸಿರು ತೆಗೆಯಿತು, ಆಮೇಲೆ ಬೋಗಿಯನ್ನೂ ತೆಗೆಯತೊಡಗಿತು! ನಾನು ಹತ್ತಿಯಿಂದ ಒರೆಸುತ್ತಲೇ ಇದ್ದೆ, ಕಿಟಕಿಗಳೆಲ್ಲ ಬಿಸಿ ಅನ್ನಕ್ಕೆ ಹಾಕಿದ ಬೆಣ್ಣೆಯಂತೆ ಕೆಳಗೆ ಇಳಿಯುತ್ತಲೇ ಇದ್ದವು. ಹತ್ತಿ ಬೋಗಿಗೆ ಅಂಟಿತು, ಬೋಗಿ ನನ್ನ ಬೆರಳಿಗೆ ಅಂಟಿತು. ಕಿತ್ತು ತೆಗೆದಾಗ ಮೂರನೆಯ ಬೋಗಿಯ ಒಂದು ಪಕ್ಕ ಗಡ್ಡ ಬಿಟ್ಟ ಮುದುಕನ ಕೆನ್ನೆಯ ಹಾಗಾಗಿತ್ತು.

ಇಶಾ ವಾಸನೆಗೆ ಎದ್ದು ಬಂದಳು. ಬೋಗಿ ನೋಡಿದಳು, ಬಾಟಲಿ ನೋಡಿದಳು, ನನ್ನ ಬೆರಳು ನೋಡಿದಳು. "ಪಪ್ಪಾ! ಮಮ್ಮಿ ಕೋ ಕೌನ್ ಬತಾಯೇಗಾ?"

"ಯಾರೂ ಹೇಳುದು ಬೇಡ. ಬಣ್ಣ ಹೊಡೆದ ಮೇಲೆ ಎಲ್ಲ ಮುಚ್ಚಿಹೋಗ್ತದೆ" ಎಂದೆ. ಈ ವಾಕ್ಯವನ್ನು ಹೇಳಿದವರು ಯಾರೂ ಇದುವರೆಗೆ ಉದ್ಧಾರವಾಗಿಲ್ಲ.

ಮುಚ್ಚುವ ಉದ್ದೇಶದಿಂದಲೇ ಸ್ಪ್ರೇ ಪೇಂಟ್ ತಂದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ತಂತಿಗೆ ಬೋಗಿಗಳನ್ನು ಕ್ಲಿಪ್ಪಿನಿಂದ ನೇತುಹಾಕಿ, ಮೂಗಿಗೆ ಕರವಸ್ತ್ರ ಕಟ್ಟಿ, ಗುಂಡಿ ಒತ್ತಿದೆ. ಅದೇ ಗಳಿಗೆಗೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಯಿಂದ ಮಳೆಗಾಲದ ಗಾಳಿ ಬೀಸಿತು. ಬೋಗಿಗಳು ತಂತಿಯ ಮೇಲೆ ಗಿರಗಿರ ತಿರುಗಿದವು. ಕೆಂಪು ಬಣ್ಣ ಎಲ್ಲ ಕಡೆಗೂ ಹೋಯಿತು, ಬೋಗಿಗೂ ಸ್ವಲ್ಪ ಹೋಯಿತು. ಕೆಳಗಿನಿಂದ ಒಂದು ಆರ್ತನಾದ ಕೇಳಿಸಿತು. ಬಗ್ಗಿ ನೋಡಿದೆ. ಕುಲಕರ್ಣಿ ಕಾಕಾ ಚೌತಿಯ ಪೂಜೆಗೆ ಉಡಲೆಂದು ಒಗೆದು ಒಣಹಾಕಿದ್ದ ಬಿಳಿ ಧೋತರದ ಮೇಲೆ ಕೆಂಪು ಚುಕ್ಕೆಗಳ ಮಳೆ!

ನಾನು ಓಡಿ ಕೆಳಗಿಳಿದು ಕೈ ಮುಗಿದು ನಿಂತೆ. ಕಾಕಾ ಧೋತರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಗಂಭೀರವಾಗಿ ತಲೆಯಾಡಿಸಿದರು.

"ಅಣ್ಣಾ, ಈ ಶೇಡ್ ತಪ್ಪು ಅದ. ಇನ್ನಾ ಗಾಢ ಇರಬೇಕು."

ಶೇಡ್ ಬದಲಿಸಿ ಮತ್ತೊಮ್ಮೆ ಹೊಡೆದೆ, ಈ ಸಲ ಬಚ್ಚಲುಮನೆಯಲ್ಲಿ. ಒಂದು ವಾರ ನಮ್ಮ ಮನೆಯವರೆಲ್ಲ ಕೆಂಪು ಬಕೆಟ್ಟಿನಲ್ಲಿ ಸ್ನಾನ ಮಾಡಿದೆವು. ಅದು ಮೊದಲು ನೀಲಿ ಬಕೆಟ್ಟಾಗಿತ್ತು. ಬಣ್ಣ ಮಾತ್ರ ಆ ಮಳೆಗೆ ಒಣಗಲೊಲ್ಲದು. ಮುಟ್ಟಿದಲ್ಲೆಲ್ಲ ಬೆರಳಚ್ಚು. ಪ್ರಮೀಳೆ ಮಾರ್ಕೆಟ್ಟಿಗೆ ಹೋಗಿದ್ದ ಸಮಯ ನೋಡಿ ಕೂದಲು ಒಣಗಿಸುವ ಯಂತ್ರವನ್ನು ಹತ್ತಿರ ಹಿಡಿದು ಬಿಸಿಗಾಳಿ ಕೊಟ್ಟೆ. ಬಣ್ಣ ಒಣಗಿತು. ಜೊತೆಗೆ ಬೋಗಿಗಳ ಚಾವಣಿ ಹಪ್ಪಳದ ಹಾಗೆ ಎರಡೂ ತುದಿಯಲ್ಲಿ ಮೇಲೆದ್ದಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಗಾದೆ ನಮ್ಮಲ್ಲಿದೆ. ನಾನು ಗಣಪತಿಗೆಂದೇ ಹೊರಟು, ಅವರಪ್ಪನನ್ನೂ ದಾಟಿ ಅಜ್ಜನ ಹತ್ತಿರ ಬಂದಿದ್ದೆ!

ಪ್ರಮೀಳೆ ಮಾರ್ಕೆಟ್ಟಿನಿಂದ ಬಂದು ನೋಡಿದಳು. ಈ ಸಲ ಅಡಗಿಸಲು ಜಾಗ ಇರಲಿಲ್ಲ. ಬೋಗಿಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡಳು. ಮೂರನೆಯದನ್ನು ತಿರುಗಿಸಿ ಆ ಕರಗಿದ ಕೆನ್ನೆಯ ಮೇಲೆ ಬೆರಳಾಡಿಸಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ಅಣ್ಣನಿಗೆ ಎಂತ ಹೇಳುದು?" ಎಂದಳು ಮೆಲ್ಲಗೆ.

ಕೂದಲು ಒಣಗಿಸುವ ಯಂತ್ರವನ್ನು ನಾನು ಮೆಲ್ಲಗೆ ಕೆಳಗಿಟ್ಟೆ. ಇಷ್ಟು ವರ್ಷ ಮಳೆ, ಮನೆ ಬದಲಾವಣೆ, ಇಶಾಳ ತುಂಟತನ ಎಲ್ಲದರಿಂದ ಕಾಪಾಡಿಕೊಂಡು ಬಂದದ್ದನ್ನು ನಾನು ಒಂದು ಚಪ್ಪಾಳೆಗೆ ಕರಗಿಸಿಬಿಟ್ಟಿದ್ದೆ. ಇನ್ನು ಉಳಿದದ್ದು ಒಂದೇ ದಾರಿ. ಏನಾದರಾಗಲಿ, ಭಾವ ಬಂದಾಗ ರೈಲು ಓಡಬೇಕು! ಓಡುವ ರೈಲಿನ ಕೆನ್ನೆಯನ್ನು ಯಾರು ನೋಡುತ್ತಾರೆ?

ಓಡಬೇಕಾದರೆ ಮಗುಚಬಾರದು. "ತೂಕ ಹಾಕ್ರಿ, ತೂಕ!" ಎಂದರು ಕಾಕಾ. "ಬೋಗಿ ಒಳಗ ಭಾರ ಇದ್ರ ತಿರುವಿನಾಗ ಬೀಳೂದಿಲ್ಲ." ಮನೆಯಲ್ಲಿ ಮೊಳೆ, ನಟ್ಟು ಹುಡುಕಿದೆ. ಸಿಕ್ಕಿದವು ಬೋಗಿಯ ಮೂಲೆಗಳಿಗೆ ಹೋಗಲೊಲ್ಲವು. ಎಲ್ಲ ಮೂಲೆಗೂ ಇಳಿದು ತುಂಬಿಕೊಳ್ಳುವ ಸಣ್ಣ, ದುಂಡನೆಯ, ಭಾರದ ವಸ್ತು ಬೇಕಿತ್ತು. ಅಡುಗೆಮನೆಗೆ ಹೋದೆ. ಚೌತಿಯ ಹಿಂದಿನ ದಿನ ಅದು. ಪ್ರಮೀಳೆ ಸ್ನಾನಕ್ಕೆ ಹೋಗಿದ್ದಳು. ಡಬ್ಬಿಯಲ್ಲಿ ಹೆಸರುಕಾಳು ಇತ್ತು. ಪಕ್ಕದ ಪಾತ್ರೆಯಲ್ಲಿ ಉಸಳಿಗೆಂದು ಹಿಂದಿನ ರಾತ್ರಿ ನೆನೆಹಾಕಿದ ಹೆಸರುಕಾಳೂ ಇತ್ತು. ನಾನು ಅವಸರ ಮಾಡಲಿಲ್ಲ. ಒಂದು ಅಂಗೈಯಲ್ಲಿ ಒಣ ಕಾಳು, ಇನ್ನೊಂದರಲ್ಲಿ ನೆನೆದ ಕಾಳು ಹಿಡಿದು ತೂಗಿ ನೋಡಿದೆ. ನೆನೆದದ್ದೇ ಭಾರ! ನನ್ನ ವೈಜ್ಞಾನಿಕ ದೃಷ್ಟಿಯನ್ನು ನಾನೇ ಮೆಚ್ಚಿಕೊಂಡೆ.

ದಯವಿಟ್ಟು ಗಮನಿಸಿ. ಈ ಮನುಷ್ಯ ಮಿಸಳ್ ಮಾರುವ ಹೋಟೆಲಿನ ಗಲ್ಲೆಯಲ್ಲಿ ಕೂರುವವನು. ಮೊಳಕೆ ಬಂದ ಕಾಳಿನ ಬುಟ್ಟಿಗಳು ದಿನಾ ಬೆಳಿಗ್ಗೆ ಅವನ ಮೂಗಿನ ಕೆಳಗೇ ಅಡುಗೆಮನೆಗೆ ಹೋಗುತ್ತವೆ. ಆದರೂ ಅವನು ನೆನೆದ ಹೆಸರುಕಾಳನ್ನು ಮೂರೂ ಬೋಗಿಗಳಿಗೆ ಕಂಠಮಟ್ಟ ತುಂಬಿ, ಸೊಟ್ಟಗಾದ ಚಾವಣಿಯನ್ನು ಬಿಳಿ ಅಂಟಿನಿಂದ ಅಂಟಿಸಿ, ದಾರ ಕಟ್ಟಿ ಒಣಗಲು ಇಟ್ಟ.

"ಹೆಸರು ಇಷ್ಟೇ ಹಾಕಿದ್ದೆನಾ ನಾನು?" ಎಂದು ಒಳಗಿನಿಂದ ಪ್ರಮೀಳೆಯ ದನಿ ಕೇಳಿಸಿತು. ನಾನು ಬೋಗಿಗಳನ್ನು ಎತ್ತಿಕೊಂಡು ಮಂಟಪಕ್ಕೆ ಇಳಿದೆ.

ಮಂಟಪದಲ್ಲಿ ಬೆಟ್ಟ ಸಿದ್ಧವಾಗಿತ್ತು. ರಟ್ಟು, ಹಳೆಯ ಪೇಪರು, ಹಸಿರು ಬಣ್ಣ. ಗಣಪತಿಯ ಪೀಠದ ಸುತ್ತ ಹಳಿ ಹೋಗಿ, ಹಿಂದೆ ಒಂದು ಸುರಂಗದೊಳಗೆ ನುಗ್ಗಿ ಮುಂದೆ ಬರುವ ವ್ಯವಸ್ಥೆ. ರೈಲನ್ನು ಹಳಿಯ ಮೇಲಿಟ್ಟು ಸ್ವಿಚ್ಚು ಒತ್ತಿದೆ. ಓಡಿತು! ತಿರುವಿನಲ್ಲಿ ಬೀಳಲಿಲ್ಲ, ಸುರಂಗದೊಳಗೆ ಹೋಗಿ ಆಚೆಯಿಂದ ಬಂದಿತು. ಕಾಕಾ ನನ್ನನ್ನು ಅಪ್ಪಿಕೊಂಡರು. ಇಶಾ ಕೂಡ ಮೊಬೈಲಿನಲ್ಲಿ ವೀಡಿಯೊ ತೆಗೆದಳು. ರೈಲು ಸುರಂಗದಿಂದ ಹೊರಬಂದಾಗ ಪ್ರಮೀಳೆಯ ಮುಖದಲ್ಲಿ ಮಂಚದಡಿಯ ಆ ಹುಡುಗಿ ಒಂದು ಕ್ಷಣ ಇಣುಕಿದ್ದನ್ನು ನಾನು ನೋಡಿದೆ. ಗೆದ್ದೆ ಎಂದುಕೊಂಡೆ. ಮಳೆಹನಿ ಬೀಳದಿರಲೆಂದು ರೈಲಿಗೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತ ಭದ್ರವಾಗಿ ಒತ್ತಿ, ನೆಮ್ಮದಿಯಿಂದ ಮನೆಗೆ ಬಂದೆ. ನೆನೆದ ಕಾಳು, ಮುಚ್ಚಿದ ಜಾಗ, ಆಗಸ್ಟಿನ ಸೆಕೆ. ಯಾವ ಗೃಹಿಣಿಯೂ ಇದಕ್ಕಿಂತ ಶ್ರದ್ಧೆಯಿಂದ ಮೊಳಕೆ ಕಟ್ಟಿರಲಿಕ್ಕಿಲ್ಲ.

ಚೌತಿಯ ಸಂಜೆ ಆರತಿಗೆ ಇಡೀ ಸೊಸೈಟಿ ಸೇರಿತು. ಪಕ್ಕದ ಸೊಸೈಟಿಯ ಜಲಪಾತದವರೂ ಬಂದರು. ಕಾಕಾ ಕೆಂಪು ಚುಕ್ಕೆಯ ಧೋತರದಲ್ಲೇ ನಿಂತಿದ್ದರು. ಕೇಳಿದವರಿಗೆಲ್ಲ "ಇದು ಈಗಿನ ಡಿಸೈನು" ಎನ್ನುತ್ತಿದ್ದರು. ಭಾವ ಸಾನಪಾಡಾದಿಂದ ಮೋದಕದ ಪೆಟ್ಟಿಗೆ ಹಿಡಿದು ಬಂದು ತಂಗಿಯ ಪಕ್ಕದಲ್ಲಿ ನಿಂತರು. "ನಮ್ಮ ರೈಲು ಓಡ್ತದಂತೆ ಅಲ್ವಾ ಇವತ್ತು?" ಎಂದು ಅವರು ಕೇಳಿದಾಗ ಪ್ರಮೀಳೆ ನನ್ನ ಕಡೆ ನೋಡಿದಳು.

ನಾನು ಪ್ಲಾಸ್ಟಿಕ್ ತೆಗೆದೆ. ಚಾವಣಿಗಳು ನಿನ್ನೆಗಿಂತ ತುಸು ಎತ್ತರವಾಗಿ ಕಂಡವು. ಹಬ್ಬದ ಸಂಭ್ರಮಕ್ಕೆ ನನ್ನ ಕಣ್ಣಿಗೆ ಹಾಗೆ ಕಾಣುತ್ತಿದೆ ಎಂದುಕೊಂಡೆ. ಜಾಗಟೆ ಮೊಳಗಿತು, ಆರತಿ ಶುರುವಾಯಿತು, ನಾನು ಸ್ವಿಚ್ಚು ಒತ್ತಿದೆ. ರೈಲು ಹೊರಟಿತು. ಗಣಪತಿಯ ಮುಂದೆ ಹಾದು, ಬೆಟ್ಟದ ಹಿಂದೆ ತಿರುಗಿ, ಸುರಂಗವನ್ನು ಪ್ರವೇಶಿಸಿತು.

ಬರಲಿಲ್ಲ.

ಜನ ಚಪ್ಪಾಳೆ ತಟ್ಟುತ್ತ ಆರತಿ ಹಾಡುತ್ತಿದ್ದರು. ಕಣ್ಣೆಲ್ಲ ಸುರಂಗದ ಬಾಯಿಯ ಮೇಲೆ. ಒಳಗಿನಿಂದ ಇಂಜಿನ್ನು 'ಗುಂಯ್' ಎನ್ನುವ ಸದ್ದು ಮಾತ್ರ ಬರುತ್ತಿತ್ತು. ಒಂದು ಆರತಿ ಮುಗಿಯಿತು. ಕಾಕಾ ಸನ್ನೆ ಮಾಡಿ ಎರಡನೆಯದನ್ನು ಶುರುಮಾಡಿಸಿದರು. ಅದೂ ಮುಗಿಯಿತು. ಅವರಿಗೆ ಗೊತ್ತಿದ್ದ ಆರತಿಗಳೆಲ್ಲ ಮುಗಿದವು, ರೈಲು ಬರಲಿಲ್ಲ. ಸುರಂಗದಿಂದ ಒಂದು ವಾಸನೆ ಮಾತ್ರ ಬಂದಿತು. ನನಗೆ ಬಹಳ ಪರಿಚಯದ ವಾಸನೆ. ಬೆಳಿಗ್ಗೆ ಹೋಟೆಲಿನ ಅಡುಗೆಮನೆಯಲ್ಲಿ ಬರುವಂಥದ್ದು!

ತಡೆಯಲಾರದೆ ಸುರಂಗಕ್ಕೆ ಕೈ ಹಾಕಿದೆ. ರೈಲು ಸಿಕ್ಕಿತು. ಎಳೆದೆ. ಅದು ಬರಲಿಲ್ಲ, ಬೆಟ್ಟ ಬಂದಿತು. ಇಡೀ ಮಾಥೇರಾನ್ ಮೇಲೆದ್ದು ನನ್ನ ತೋಳಿಗೆ ಬಳೆಯಂತೆ ಸಿಕ್ಕಿಕೊಂಡಿತು. ಪುಣ್ಯಕ್ಕೆ ಗಣಪತಿಯ ಪೀಠ ಬೇರೆಯಾಗಿತ್ತು. ಬೆಟ್ಟ ಸರಿದ ಜಾಗದಲ್ಲಿ, ಬಲ್ಬುಗಳ ಬೆಳಕಿನಲ್ಲಿ, ಎಲ್ಲರ ಕಣ್ಣೆದುರಿಗೆ ನನ್ನ ರೈಲು ನಿಂತಿತ್ತು. ಚಾವಣಿಗಳು ಕುದಿಯುವ ಪಾತ್ರೆಯ ಮುಚ್ಚಳದಂತೆ ಎದ್ದು ನಿಂತಿದ್ದವು. ಎಲ್ಲ ಕಿಟಕಿಗಳಿಂದ, ಎಲ್ಲ ಬಾಗಿಲುಗಳಿಂದ ಬೆಳ್ಳನೆಯ ಬಾಲದ ಹೆಸರುಕಾಳುಗಳು ಹೊರಗೆ ನೇತಾಡುತ್ತಿದ್ದವು.

ಎಲ್ಲರೂ ಕತ್ತು ಮುಂದೆ ಚಾಚಿ ನೋಡಿದರು. ಆಮೇಲೆ ಹಿಂದಿನಿಂದ ಯಾರೋ ಮರಾಠಿಯಲ್ಲಿ ಕೂಗಿದರು: "ಇದು ಮಾಥೇರಾನಿನ ರೈಲಲ್ಲ, ನಮ್ಮ ಬೆಳಗಿನ ಲೋಕಲ್ಲು!"

ಮಂಟಪ ಬಿದ್ದುಬಿದ್ದು ನಕ್ಕಿತು. ಜಲಪಾತದವರು ಮೂರು ಕಡೆಯಿಂದ ಫೋಟೋ ತೆಗೆದರು. ಕಾಕಾ ಮಾತ್ರ ನನ್ನ ಕಿವಿಯಲ್ಲಿ, "ಏನಽ ಅನ್ರಿ ಅಣ್ಣಾ, ಗೇಜ್ ಕರೆಕ್ಟ್ ಇತ್ತು" ಎಂದರು.

ನಗದೆ ಇದ್ದವರು ಒಬ್ಬರೇ, ಭಾವ. ಅವರು ಮುಂದೆ ಬಂದು ಬಗ್ಗಿ ಮೂರನೆಯ ಬೋಗಿಯನ್ನು ಎತ್ತಿಕೊಂಡರು. ಕರಗಿದ ಪಕ್ಕವನ್ನು ನೋಡಿದರು. ಕೆಂಪು ಬಣ್ಣವನ್ನು ಉಗುರಿನಿಂದ ಕೆರೆದು ಅಡಿಯಲ್ಲಿ ಹಸಿರು ಇದೆಯೇ ಎಂದು ಹುಡುಕಿದರು. "ಯಾರು ಮಾಡಿದ್ದು ಇದು?" ಎಂದರು. ನನಗೆ ಹೋಗಿ ಅಡಗಲು ಒಂದು ಸುರಂಗವಿದ್ದರೆ ಸಾಕಿತ್ತು, ಆದರೆ ಅದು ನನ್ನ ತೋಳಿನಲ್ಲೇ ಇತ್ತು.

"ನಾನೇ ಹೇಳಿದ್ದು ಅಣ್ಣ, ಮಾಡಿ ಅಂತ" ಎಂದಳು ಪ್ರಮೀಳೆ. ದನಿಯಲ್ಲಿ ಅಳುಕಿರಲಿಲ್ಲ. "ಸುಮ್ನೆ ಇಟ್ಟು ಎಂತ ಮಾಡುದು? ಹತ್ತು ಜನ ನೋಡ್ಲಿ ಅಂತ ನಾನೇ ಕೊಟ್ಟೆ. ಅವರು ಪಾಪ, ಆದಷ್ಟು ಮಾಡಿದ್ರು."

ನನ್ನ ಕಣ್ಣು ತುಂಬಿಬಂದಿತು. ನಾಚಿಕೆಯೂ ಆಯಿತು, ಅವಳ ಮೇಲೆ ಪ್ರೀತಿಯೂ ಉಕ್ಕಿತು. ಇಂಥ ಹೆಂಡತಿಯನ್ನು ಪಡೆಯಲು ನಾನು ಯಾವ ಜನ್ಮದಲ್ಲಿ ಏನು ಪುಣ್ಯ ಮಾಡಿದ್ದೆನೋ ಎಂದುಕೊಂಡೆ. ಹತ್ತು ಜನರ ಮುಂದೆ ಅವಳು ನನ್ನನ್ನು ಬಿಟ್ಟುಕೊಡಲಿಲ್ಲ. ಮನೆಗೆ ಹೋಗಿ ಬಾಗಿಲು ಹಾಕಿದ ಮೇಲೆ, ಬಿಡಲಿಲ್ಲ! ಉಗುರಿನ ಬಾಟಲಿಯಿಂದ ಉಸಳಿಯ ಪಾತ್ರೆಯವರೆಗೆ ಕ್ರಮವಾಗಿ ವಿಚಾರಣೆ ನಡೆಯಿತು. ಕನ್ನಡ ಮುಗಿದ ಮೇಲೆ ತುಳುವಿಗೆ ಬಂದಳು. ತುಳುವಿನಲ್ಲಿ ಬೈಸಿಕೊಂಡವರಿಗೆ ಆ ಭಾಷೆಯ ಶಕ್ತಿ ಗೊತ್ತು.

ಭಾವ ದೊಡ್ಡ ಮನುಷ್ಯರು. ರೈಲನ್ನೂ ಪ್ರಮೀಳೆ ಕಾಪಾಡಿಟ್ಟಿದ್ದ ಹಳೆಯ ಚಕ್ರಗಳನ್ನೂ ಸಾನಪಾಡಾಕ್ಕೆ ತೆಗೆದುಕೊಂಡು ಹೋದರು. ಕೆಲವು ವಾರ ಕೂತು, ಮೊಳಕೆ ಕಿತ್ತು, ಅಂಟು ಕೆರೆದು, ದೊಡ್ಡ ಚಕ್ರಗಳನ್ನು ಮತ್ತೆ ಹಾಕಿ, ಸಾಧ್ಯವಾದಷ್ಟು ಹಸಿರು ಬಳಿದು ತಂದುಕೊಟ್ಟರು. ಮೂರನೆಯ ಬೋಗಿ ಮಾತ್ರ ಅವರ ಕೈಗೂ ಸರಿಹೋಗಲಿಲ್ಲ. "ಇದನ್ನು ಬಿಸಾಡುವ" ಎಂದರು.

ಪ್ರಮೀಳೆ ಅದನ್ನು ಅವರ ಕೈಯಿಂದ ತೆಗೆದುಕೊಂಡಳು. "ಬೇಡ. ಕೊನೆಗೆ ಸಿಕ್ಕಿಸು. ಇದು ಇವರು ಮಾಡಿದ್ದಲ್ವಾ?"

ಹಾಗೆ ಇಂದು ನಮ್ಮ ನಡುಮನೆಯಲ್ಲಿ, ಬಡಗಿಗೆ ಹೇಳಿ ಮಾಡಿಸಿದ ಗಾಜಿನ ಕಪಾಟಿನೊಳಗೆ, ಹಸಿರು ಇಂಜಿನ್, ಎರಡು ಹಸಿರು ಬೋಗಿ, ಅವುಗಳ ಹಿಂದೆ ಗಡ್ಡ ಬಿಟ್ಟ ಒಂದು ಕೆಂಪು ಬೋಗಿ ನಿಂತಿವೆ. ಬಂದವರಿಗೆಲ್ಲ ಪ್ರಮೀಳೆ ಬಹಳ ಅಭಿಮಾನದಿಂದ ತೋರಿಸುತ್ತಾಳೆ. ನನ್ನ ಕೆಲಸಕ್ಕೂ ಒಂದು ಮರ್ಯಾದೆ ಸಿಕ್ಕಿತಲ್ಲ ಎಂದು ನನಗೂ ಎದೆ ಉಬ್ಬುತ್ತದೆ. ಮೊನ್ನೆ ಕೆಂಪು ಬೋಗಿಯ ಮೇಲೆ ಸ್ವಲ್ಪ ಧೂಳು ಕೂತದ್ದು ಕಂಡಿತು. ಒರೆಸೋಣ ಎಂದು ಕಪಾಟು ತೆಗೆಯಲು ಹೋದೆ. ಬೀಗ ಹಾಕಿತ್ತು. ಅದರ ಕೀಲಿ ಎಲ್ಲಿದೆ ಎಂದು ಪ್ರಮೀಳೆಗೆ ಗೊತ್ತು, ಇಶಾಳಿಗೆ ಗೊತ್ತು, ಸಾನಪಾಡಾದ ಭಾವನಿಗೆ ಗೊತ್ತು. ಕೆಳಗಿನ ಮನೆಯ ಕುಲಕರ್ಣಿ ಕಾಕಾನಿಗೂ ಗೊತ್ತಂತೆ.

ನನಗೆ ಹೇಳಬಾರದೆಂದು ಎಲ್ಲರಿಂದಲೂ ಗಣಪತಿಯ ಮೇಲೆ ಆಣೆ ಮಾಡಿಸಿದ್ದಾಳೆ!